ನೀಲಕುರಿಂಜಿ ನೆಡಲು ಕಾರ್ವಿಯನ್ನು ಕಡಿಯಬಹುದೇ? ನೇರಳ್‌ನ ಒಂದು ಇಳಿಜಾರಿನ ಪ್ರಕರಣ

ಪ್ರಕರಣದ ಹಿನ್ನೆಲೆ

ಮುಂಬಯಿಯ ಪೂರ್ವ ಉಪನಗರವೊಂದರ ಕನ್ನಡ ಸಂಘದ ಪರಿಸರ ವಿಭಾಗಕ್ಕೆ 2025ರ ಜನವರಿಯಲ್ಲಿ ಒಂದು ಪ್ರಸ್ತಾವ ಬಂದಿತು. ಸಂಘದ ಹಿರಿಯ ಸದಸ್ಯರೂ ಹೋಟೆಲು ಉದ್ಯಮಿಗಳೂ ಆದ ಒಬ್ಬರು ಕರ್ಜತ್ ತಾಲ್ಲೂಕಿನ ನೇರಳ್ ಸಮೀಪ, ಮಾಥೇರಾನ್ ಬೆಟ್ಟದ ಬುಡದಲ್ಲಿ, ಹಲವು ವರ್ಷಗಳ ಹಿಂದೆ ಕೊಂಡಿದ್ದ ಜಮೀನಿನ ಇಳಿಜಾರು ಭಾಗವನ್ನು ಸಂಘದ ಬಳಕೆಗೆ ಬಿಟ್ಟುಕೊಡಲು ಮುಂದಾಗಿದ್ದರು. ಅಲ್ಲಿ ಒಣಗಿ ನಿಂತಿದ್ದ ಕುರುಚಲನ್ನು ಬೇಸಗೆಗೆ ಮುಂಚೆಯೇ ಕಡಿಸಿ, ಸುಟ್ಟು, ಚಿಕ್ಕಮಗಳೂರಿನ ಕಡೆಯಿಂದ ನೀಲಕುರಿಂಜಿಯ ಬೀಜವನ್ನೋ ಸಸಿಯನ್ನೋ ತರಿಸಿ, ಮುಂಗಾರು ಹಿಡಿದ ಕೂಡಲೇ ನೆಟ್ಟು, ಮುಂಬಯಿ ಕನ್ನಡಿಗರ ಹೆಸರಿನಲ್ಲಿ ಒಂದು ನೀಲಕುರಿಂಜಿ ವನವನ್ನು ಬೆಳೆಸಬೇಕೆಂಬುದು ಅವರ ಆಶಯ. ಕೆಲಸಕ್ಕೆ ಬೇಕಾದ ಹಣವನ್ನೂ ತಾವೇ ಕೊಡುವುದಾಗಿ ಪತ್ರದಲ್ಲಿ ಬರೆದಿದ್ದರು.

ಈ ಆಲೋಚನೆಯ ಬೇರು ಹಿಂದಿನ ಮಳೆಗಾಲದಲ್ಲಿತ್ತು. 2024ರ ಸೆಪ್ಟೆಂಬರಿನಲ್ಲಿ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಗಳಲ್ಲಿ, ವಿಶೇಷವಾಗಿ ಕಾನ್ಹೇರಿ ಗುಹೆಗಳ ಆಚೀಚಿನ ಇಳಿಜಾರುಗಳಲ್ಲಿ, ಕಾರ್ವಿ ಎಂಬ ಕಾಡುಪೊದೆ ಸಾಮೂಹಿಕವಾಗಿ ಹೂಬಿಟ್ಟಿತ್ತು. ಸಂಘದ ಸದಸ್ಯರು ಕುಟುಂಬ ಸಮೇತ ಹೋಗಿ ನೋಡಿ ಬಂದರು, ಚಿತ್ರಗಳನ್ನು ಊರಿಗೆ ಕಳುಹಿಸಿದರು. ಊರಿನವರಿಂದ ಬಂದ ಉತ್ತರಗಳಲ್ಲಿ “ಇದು ನಮ್ಮ ಬಾಬಾಬುಡನ್‌ಗಿರಿಯ ನೀಲಕುರಿಂಜಿಯೇ” ಎಂಬ ಮಾತು ಮತ್ತೆ ಮತ್ತೆ ಬಂದಿತು. ಅದೇ ಮಾತು ಸಂಘದ ಕರಪತ್ರದ ಕರಡಿನೊಳಗೂ ಸೇರಿಕೊಂಡು, ಹನ್ನೆರಡು ವರ್ಷಕ್ಕೊಮ್ಮೆ ಅರಳುವ, ಅಳಿವಿನಂಚಿನಲ್ಲಿರುವ ನೀಲಕುರಿಂಜಿ ಮುಂಬಯಿಯಲ್ಲೇ ಅರಳಿದೆ ಎಂಬ ತಲೆಬರಹವಾಗಿ ನಿಂತಿತು. ಆ ಒಂದು ವಾಕ್ಯದಲ್ಲಿ ಗಿಡದ ಗುರುತು, ಹೂಬಿಡುವ ಅವಧಿ, ಸಂರಕ್ಷಣಾ ಸ್ಥಿತಿ ಎಂಬ ಮೂರೂ ತಪ್ಪಿದ್ದವು.

ನಾನು ಉಪನಗರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದವನಾದ್ದರಿಂದ ಪ್ರಸ್ತಾವದ ಬಗ್ಗೆ ಅಭಿಪ್ರಾಯ ಕೊಡುವಂತೆ ಸಮಿತಿ ಕೇಳಿಕೊಂಡಿತು. ಜಮೀನಿನ ಯಜಮಾನರ ಜೊತೆಯಲ್ಲೇ ನೇರಳ್‌ಗೆ ಹೋಗಿ ಇಳಿಜಾರನ್ನು ನೋಡಿದೆ. ಅವರು ಕುರುಚಲೆಂದು ಕರೆಯುತ್ತಿದ್ದದ್ದು, ಹಿಂದಿನ ಮಳೆಗಾಲದಲ್ಲಿ ಹೂಬಿಟ್ಟು, ಕಾಯಿ ಕಟ್ಟಿ, ಬುಡಸಮೇತ ಒಣಗಿ ನಿಂತಿದ್ದ ಕಾರ್ವಿಯ ಒತ್ತಾದ ಪೊದೆ. ಪ್ರಕರಣದ ಸ್ವರೂಪ ಅಲ್ಲಿಯೇ ಸ್ಪಷ್ಟವಾಯಿತು: ಬೊರಿವಲಿಯಲ್ಲಿ ಯಾವ ಗಿಡದ ಹೂವನ್ನು ನೋಡಿ ಮೆಚ್ಚಿ ಈ ವನವನ್ನು ಮಾಡಹೊರಟಿದ್ದರೋ ಅದೇ ಗಿಡವನ್ನು ಕಡಿದು ಆ ಜಾಗದಲ್ಲಿ ಬೇರೊಂದು ಗಿಡವನ್ನು ನೆಡುವ ಏರ್ಪಾಡು ಇದಾಗಿತ್ತು.

ಒಂದೇ ಕುಲದ ಎರಡು ಪ್ರಭೇದಗಳು

ಗೊಂದಲಕ್ಕೆ ಕಾರಣವಿಲ್ಲದಿಲ್ಲ. ಎರಡೂ ಗಿಡಗಳು ಅಕಾಂತೇಸಿ ಕುಟುಂಬಕ್ಕೆ, ಅಂದರೆ ಆಡುಸೋಗೆ, ಕನಕಾಂಬರ, ಗೋರಂಟೆಗಳ ಕುಟುಂಬಕ್ಕೆ ಸೇರಿದವು. ಗಣ ಲಾಮಿಯೇಲ್ಸ್, ಕುಲ ಸ್ಟ್ರೊಬಿಲಾಂತಿಸ್. 1826ರಲ್ಲಿ ಬ್ಲೂಮ್ ಎಂಬ ಸಸ್ಯಶಾಸ್ತ್ರಜ್ಞ ಸ್ಥಾಪಿಸಿದ ಈ ಕುಲದಲ್ಲಿ ಇಂದು ನಾನೂರಕ್ಕೂ ಹೆಚ್ಚು ಪ್ರಭೇದಗಳನ್ನು ಎಣಿಸುತ್ತಾರೆ. ಹೆಚ್ಚಿನವು ಏಷ್ಯಾದ ಬಿಸಿನಾಡುಗಳವು, ಪಶ್ಚಿಮ ಘಟ್ಟಗಳಿಗಷ್ಟೇ ಸೀಮಿತವಾದವೂ ಅವುಗಳಲ್ಲಿ ಹಲವಿವೆ. ಮುಂಬಯಿಯ ಕಾರ್ವಿ ಸ್ಟ್ರೊಬಿಲಾಂತಿಸ್ ಕ್ಯಾಲೋಸ, ನೀಲಕುರಿಂಜಿ ಸ್ಟ್ರೊಬಿಲಾಂತಿಸ್ ಕುಂತಿಯಾನ.

ಎರಡನ್ನೂ ಶಾಸ್ತ್ರೀಯವಾಗಿ ಮೊದಲು ವರ್ಣಿಸಿದವರು ಜರ್ಮನಿಯ ನೇಸ್ ಫಾನ್ ಎಸೆನ್‌ಬೆಕ್. ಸಸ್ಯಶಾಸ್ತ್ರಜ್ಞ ವಾಲಿಚ್ ಹೊರತಂದ ಏಷ್ಯಾದ ಅಪರೂಪದ ಸಸ್ಯಗಳ ಸಂಪುಟಗಳಲ್ಲಿ, 1832ರಲ್ಲಿ, ಇವೆರಡರ ವರ್ಣನೆಯೂ ಪ್ರಕಟವಾಯಿತು. ಆದರೆ ನೇಸ್ ಇವನ್ನು ಒಂದೇ ಕುಲದಲ್ಲಿ ಇಟ್ಟಿರಲಿಲ್ಲ. ಕಾರ್ವಿಯನ್ನು ಸ್ಟ್ರೊಬಿಲಾಂತಿಸ್ ಎಂದೇ ಕರೆದ ಅವರು ನೀಲಕುರಿಂಜಿಯನ್ನು ಫ್ಲೆಬೊಫಿಲಮ್ ಎಂಬ ಬೇರೆ ಕುಲದಲ್ಲಿ ಸೇರಿಸಿದ್ದರು. ಅದು ಸ್ಟ್ರೊಬಿಲಾಂತಿಸ್‌ಗೆ ಬಂದದ್ದು 1876ರಲ್ಲಿ. 1944ರಲ್ಲಿ ಡಚ್ ವಿದ್ವಾಂಸ ಬ್ರೆಮೆಕಾಂಪ್ ಈ ಇಡೀ ಗುಂಪನ್ನು, ಪರಾಗಕಣಗಳ ರಚನೆಯೇ ಮೊದಲಾದ ಸೂಕ್ಷ್ಮ ಲಕ್ಷಣಗಳನ್ನು ಆಧರಿಸಿ, ಹತ್ತಾರು ಚಿಕ್ಕ ಕುಲಗಳಾಗಿ ಒಡೆದಾಗ ಕಾರ್ವಿಗೆ ಕಾರ್ವಿಯ ಎಂಬ ಒಂಟಿ ಪ್ರಭೇದದ ಕುಲವೇ ದೊರೆಯಿತು. ಮಹಾರಾಷ್ಟ್ರದ ಹಲವು ಸಸ್ಯಪಟ್ಟಿಗಳಲ್ಲಿ, ಉದ್ಯಾನದ ಮಾಹಿತಿ ಬರಹಗಳಲ್ಲಿ ಕಾರ್ವಿಯ ಕ್ಯಾಲೋಸ ಎಂಬ ಹೆಸರು ಇಂದಿಗೂ ಕಾಣುವುದು ಇದರಿಂದಲೇ. ಆಮೇಲಿನ ಅಧ್ಯಯನಗಳು, ಅದರಲ್ಲೂ ಡಿಎನ್‌ಎ ಆಧಾರದ ಅಧ್ಯಯನಗಳು, ಈ ಒಡಕುಗಳನ್ನು ಎತ್ತಿಹಿಡಿಯಲಿಲ್ಲವಾದ್ದರಿಂದ ಈಗ ಹೆಚ್ಚಿನವರು ಎಲ್ಲವನ್ನೂ ಸ್ಟ್ರೊಬಿಲಾಂತಿಸ್ ಎಂಬ ವಿಶಾಲ ಕುಲದಲ್ಲಿಯೇ ಇಡುತ್ತಾರೆ. ಎರಡರ ಸಂಬಂಧ ಹತ್ತಿರದ್ದು, ಆದರೆ ಒಂದೇ ಎನ್ನುವಷ್ಟು ಹತ್ತಿರದ್ದಲ್ಲ ಎಂಬುದನ್ನು ಇಷ್ಟರಿಂದಲೇ ತಿಳಿಯಬಹುದು. ಕನಕಾಂಬರ ಮತ್ತು ಆಡುಸೋಗೆ ಒಂದೇ ಕುಟುಂಬದವೆಂದು ಹೇಳಿ ಒಂದರ ಬದಲು ಇನ್ನೊಂದನ್ನು ಯಾರೂ ಮುಡಿಯುವುದಿಲ್ಲವಷ್ಟೆ.

ಬಯಲಿನಲ್ಲಿ ಇವುಗಳನ್ನು ಬೇರೆ ಮಾಡಲು ಪ್ರಯೋಗಾಲಯ ಬೇಕಿಲ್ಲ. ಕಾರ್ವಿ ಆಳೆತ್ತರವನ್ನು ಮೀರಿ ಬೆಳೆಯುವ ಪೊದೆ. ಅದರ ಕಡ್ಡಿಗಳು ನೇರ, ಗಟ್ಟಿ, ಮೇಲ್ಮೈ ಒರಟು. ಎಲೆ ದೊಡ್ಡದು, ಕೈಯಾಡಿಸಿದರೆ ಉಜ್ಜುಕಾಗದದಂತೆ ತಾಗುವಂಥದು. ಹೂಗೊಂಚಲಿನ ಪುಷ್ಪಪತ್ರಗಳು, ಅಂದರೆ ಹೂವಿನ ಬುಡದ ಎಲೆಯಂಥ ಭಾಗಗಳು, ಕಾಯಿ ಬಲಿಯುವ ಹೊತ್ತಿಗೆ ಅಂಟಂಟಾಗಿ ಗಾಢ ವಾಸನೆ ಸೂಸುತ್ತವೆ. ನೀಲಕುರಿಂಜಿ ತೆರೆದ ಹುಲ್ಲುಗಾವಲಿನಲ್ಲಿ ಸಾಮಾನ್ಯವಾಗಿ 30ರಿಂದ 60 ಸೆಂಟಿಮೀಟರ್ ಎತ್ತರದಲ್ಲೇ ನಿಲ್ಲುತ್ತದೆ, ಗಾಳಿಯ ಹೊಡೆತವಿಲ್ಲದ ಒಳ್ಳೆಯ ಮಣ್ಣಿನಲ್ಲಿ ಮಾತ್ರ ಎತ್ತರಕ್ಕೆ ಏರುತ್ತದೆ. ಎಲೆ ಚಿಕ್ಕದು, ಅಂಚು ಹಲ್ಲುಹಲ್ಲು, ತಳಭಾಗದಲ್ಲಿ ಬಿಳಿಯ ನವಿರು ರೋಮಗಳ ಹೊದಿಕೆ. ಹೂವಿನ ಬಣ್ಣವನ್ನು ನೆಚ್ಚಬಾರದು. ಕಾರ್ವಿಯ ನೇರಳೆಯೂ ಕುರಿಂಜಿಯ ನೀಲಿಯೂ ಮೊಬೈಲ್ ಚಿತ್ರದಲ್ಲಿ ಒಂದೇ ಆಗಿ ಕಾಣುತ್ತವೆ, ಸಂಘದ ಸದಸ್ಯರು ಊರಿಗೆ ಕಳುಹಿಸಿದ್ದೂ ಹೂವಿನ ಹತ್ತಿರದ ಚಿತ್ರಗಳನ್ನೇ ಹೊರತು ಎಲೆಯ ಹಿಂಭಾಗವನ್ನಲ್ಲ.

ಒಮ್ಮೆ ಹೂಬಿಟ್ಟು ಸಾಯುವ ಗಿಡಗಳು

ಎರಡಕ್ಕೂ ಸಮಾನವಾದ, ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಗುಣವೊಂದಿದೆ. ವರ್ಷಗಟ್ಟಲೆ ಬರಿಯ ಎಲೆ, ಕಾಂಡಗಳಲ್ಲೇ ಬೆಳೆದು, ಒಂದು ಪ್ರದೇಶದ ಗಿಡಗಳೆಲ್ಲ ಒಂದೇ ಋತುವಿನಲ್ಲಿ ಹೂಬಿಟ್ಟು, ಬೀಜ ಕಟ್ಟಿ, ಒಟ್ಟಿಗೇ ಸಾಯುತ್ತವೆ. ಹೀಗೆ ಏಕಕಾಲಕ್ಕೆ ಅಪಾರ ಬೀಜ ಬಿದ್ದರೆ ಬೀಜ ತಿನ್ನುವ ಹಕ್ಕಿ, ಇಲಿ, ಹುಳುಗಳು ಎಷ್ಟೇ ತಿಂದರೂ ಉಳಿದದ್ದು ಮೊಳೆಯಲು ಸಾಕಾಗುತ್ತದೆ ಎಂಬುದು ಈ ನಡವಳಿಕೆಗೆ ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆ. ಇಡೀ ಗುಡ್ಡವೇ ಅರಳಿದಾಗ ಜೇನುಹುಳುಗಳು ಗುಂಪಾಗಿ ಬರುವುದೂ ಒಂದು ಲಾಭ. ಮಹಾಬಳೇಶ್ವರದ ಕಡೆ ಕಾರ್ವಿ ಹೂಬಿಟ್ಟ ವರ್ಷದ ಗಾಢ ಬಣ್ಣದ ಜೇನಿಗೆ ಬೇರೆಯೇ ಬೇಡಿಕೆ.

ಅವಧಿಯಲ್ಲಿ ಮಾತ್ರ ಎರಡೂ ಬೇರೆ. ಕಾರ್ವಿ ಏಳು ವರ್ಷ ಬೆಳೆದು ಎಂಟನೆಯದರಲ್ಲಿ ಅರಳುತ್ತದೆ. ಬೊರಿವಲಿಯಲ್ಲಿ 2008, 2016, 2024 ಹೂವಿನ ವರ್ಷಗಳು, ಮುಂದಿನದು 2032. ನೀಲಕುರಿಂಜಿಯದು ಹನ್ನೆರಡು ವರ್ಷ. ನೀಲಗಿರಿ ಸುತ್ತಿನ ಇದರ ಹೂವಿನ ದಾಖಲೆ 1838ರಿಂದಲೇ ಸಿಗುತ್ತದೆ: 1850, 1862, 1874, ಹೀಗೆ ತಪ್ಪದೆ ಸಾಗಿ 1994, 2006, 2018. ಅದೇ ಲೆಕ್ಕದಲ್ಲಿ ಮುಂದಿನದು 2030. ಒಂದು ಬೆಟ್ಟದ ಲೆಕ್ಕ ಇನ್ನೊಂದಕ್ಕೆ ಹೊಂದಲೇಬೇಕೆಂದಿಲ್ಲ. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಸಾಲಿನ ಹೂವು ಸುದ್ದಿಯಾದಾಗ 2018ರದೇ ಹೂವು ಇಷ್ಟು ಬೇಗ ಮರಳಿ ಬಂದಿತೇ ಎಂದು ಹಲವರು ಕೇಳಿದ್ದರು. ಬೇರೆ ಬೇರೆ ವರ್ಷ ಮೊಳೆತ ಗುಂಪುಗಳು ಬೇರೆ ಬೇರೆ ವರ್ಷ ಅರಳುತ್ತವೆ ಎಂಬುದು ಅದಕ್ಕೆ ಉತ್ತರದ ಒಂದು ಭಾಗ. ನಮ್ಮ ಮಲೆನಾಡಿನಲ್ಲಿ ಗುರಿಗೆ ಎಂದು ಕರೆಯುವ ಗಿಡಗಳಲ್ಲಿ ಈ ಕುಲದ ಒಂದಕ್ಕಿಂತ ಹೆಚ್ಚು ಪ್ರಭೇದಗಳಿವೆ, ಎಲ್ಲವನ್ನೂ ನೀಲಕುರಿಂಜಿಯೆಂದೇ ಪತ್ರಿಕೆಗಳು ಬರೆಯುತ್ತವೆ ಎಂಬುದು ಇನ್ನೊಂದು ಭಾಗ. ಸಾತಾರಾದ ಕಾಸ್ ಪ್ರಸ್ಥಭೂಮಿಯಲ್ಲಿ ಬುಟ್ಟಿ ಕವುಚಿಟ್ಟಂತೆ ದುಂಡಗೆ ಬೆಳೆಯುವ ಟೋಪ್ಲಿ ಕಾರ್ವಿ ಇದೇ ಕುಲದ ಇನ್ನೊಂದು ಪ್ರಭೇದ. ಅದನ್ನೂ ಪ್ರವಾಸಿಗರು ಕುರಿಂಜಿಯೆಂದು ಕರೆಯುವುದುಂಟು.

ಇಂಥ ಗಿಡದ ಹೂಗೊಂಚಲು ಕೀಳುವುದೆಂದರೆ ಅದರ ಇಡೀ ಬಾಳಿನ ಏಕೈಕ ಬಿತ್ತನೆಯನ್ನು ಕೀಳುವುದು. ಅಳಿವಿನ ಬೆದರಿಕೆಯ ಪಟ್ಟಿಯಲ್ಲಿರಲಿ ಬಿಡಲಿ, ಈ ಮಾತು ಎರಡಕ್ಕೂ ಒಂದೇ. ಆದರೆ ಅಪರೂಪಕ್ಕೆ ಅರಳುವುದು ಬೇರೆ, ಅಪರೂಪವಾಗಿರುವುದು ಬೇರೆ. ಸಹ್ಯಾದ್ರಿಯ ಉತ್ತರ ಭಾಗದಲ್ಲಿ ಕಾರ್ವಿ ಮೈಲಿಗಟ್ಟಲೆ ಹಬ್ಬಿಕೊಂಡಿದೆ. ಎಂಟು ವರ್ಷಕ್ಕೊಮ್ಮೆ ಅರಳುತ್ತದೆ ಎಂಬ ಕಾರಣಕ್ಕೆ ಅದು ಅಳಿವಿನಂಚಿನ ಗಿಡವಾಗುವುದಿಲ್ಲ.

ನೆಲೆಯ ಪ್ರಶ್ನೆ

ಪತ್ರದಲ್ಲಿದ್ದ ಎರಡನೆಯ ಊಹೆ, ಬೊರಿವಲಿಯಲ್ಲಿ ಬೆಳೆದದ್ದು ನೇರಳ್‌ನಲ್ಲಿಯೂ ಬೆಳೆಯುತ್ತದೆ ಎಂಬುದು. ಕಾರ್ವಿಯ ಮಟ್ಟಿಗೆ ಅದು ನಿಜ, ಆಗಲೇ ಬೆಳೆದೂ ನಿಂತಿತ್ತು. ನೀಲಕುರಿಂಜಿಯ ಮಟ್ಟಿಗೆ ಅದಕ್ಕೆ ಆಧಾರವೇ ಇಲ್ಲ.

ಕಾರ್ವಿ ಕಾಡಿನ ಗಿಡ. ಗುಜರಾತಿನ ಡಾಂಗ್‌ನಿಂದ ಮಹಾರಾಷ್ಟ್ರ, ಗೋವಾ, ಕರ್ನಾಟಕದ ಉತ್ತರ ಘಟ್ಟಗಳವರೆಗೆ, ಎಲೆ ಉದುರುವ ಮರಗಳ ಕೆಳಗೂ ಅವುಗಳ ನಡುವಿನ ಕಡಿದಾದ ಇಳಿಜಾರುಗಳಲ್ಲಿಯೂ ಒತ್ತಾಗಿ ಬೆಳೆಯುತ್ತದೆ. ಮುಂಬಯಿಯ ರಾಷ್ಟ್ರೀಯ ಉದ್ಯಾನದ ಅತಿ ಎತ್ತರದ ಸ್ಥಳವೇ ಸುಮಾರು 468 ಮೀಟರ್, ಅಲ್ಲಿಂದ ಮಾಥೇರಾನ್, ಮಹಾಬಳೇಶ್ವರಗಳ ಎತ್ತರದವರೆಗೂ ಈ ಗಿಡ ಏರುತ್ತದೆ. ನಾಲ್ಕು ತಿಂಗಳು ಸುರಿಯುವ ಕೊಂಕಣದ ಮಳೆ, ಆಮೇಲೆ ಎಂಟು ತಿಂಗಳ ಒಣಹವೆ, ಏಪ್ರಿಲ್–ಮೇ ತಿಂಗಳ ಉರಿ, ಕಲ್ಲು ನೆಲದ ಮೇಲಿನ ತೆಳುಮಣ್ಣು ಇವೆಲ್ಲ ಅದಕ್ಕೆ ಒಗ್ಗಿವೆ. ಅದರ ಬೀಜದ ಏರ್ಪಾಡೂ ಈ ಹವೆಗೇ ಹೊಂದಿಕೊಂಡದ್ದು. ಮಳೆಗಾಲದ ಕೊನೆಗೆ ಕಟ್ಟಿದ ಕಾಯಿಗಳು ಒಣಗಿ, ಸತ್ತ ಗಿಡದ ಮೇಲೆಯೇ ಇಡೀ ಬೇಸಗೆ ಕಳೆದು, ಮರುವರ್ಷದ ಮೊದಲ ಮಳೆಯ ಹನಿ ತಾಗಿದಾಗ ಚಟಪಟನೆ ಸಿಡಿದು ಬೀಜವನ್ನು ದೂರಕ್ಕೆ ಚಿಮ್ಮುತ್ತವೆ. ಅಕಾಂತೇಸಿ ಕುಟುಂಬದ ಕಾಯಿಗಳೊಳಗೆ ಬೀಜವನ್ನು ಹಿಡಿದಿರುವ ಕೊಕ್ಕೆಯಂಥ ರಚನೆಯೇ ಈ ಚಿಮ್ಮುವ ಕೆಲಸ ಮಾಡುವುದು. ಸತ್ತ ತಾಯಿಗಿಡಗಳಿಂದ ತೆರವಾದ ನೆಲಕ್ಕೆ ಬೆಳಕು ಬಿದ್ದು, ಮೊದಲ ಮಳೆಯಲ್ಲೇ ಸಸಿಗಳು ದಟ್ಟವಾಗಿ ಏಳುತ್ತವೆ.

ಇದರಿಂದ ನೇರಳ್‌ನ ಪ್ರಸ್ತಾವದ ಅತ್ಯಂತ ಅಪಾಯಕಾರಿ ಅಂಶ ಬೀಜ ತರಿಸುವುದಲ್ಲ, ಕಡಿದು ಸುಡುವ ತಿಂಗಳು ಎಂದು ತಿಳಿಯುತ್ತದೆ. ಕಾರ್ವಿಯನ್ನು ಬೇರೆ ಯಾವ ವರ್ಷ ಕಡಿದರೂ ಹೊಸ ಗಿಡಕ್ಕೆ ಒಂದಿಲ್ಲೊಂದು ದಾರಿ ಉಳಿಯಬಹುದು. ಹೂಬಿಟ್ಟ ವರ್ಷದ ಡಿಸೆಂಬರಿನಿಂದ ಮರುವರ್ಷದ ಮೇ ವರೆಗೆ ಮಾತ್ರ ಆ ಇಳಿಜಾರಿನ ಇಡೀ ಮುಂದಿನ ತಲೆಮಾರು ಒಣಕಡ್ಡಿಗಳ ತುದಿಯಲ್ಲಿ ನೇತಾಡುತ್ತಿರುತ್ತದೆ. ನೋಡುವವರ ಕಣ್ಣಿಗೆ ಅದು ಸತ್ತ ಕುರುಚಲು, ಬೆಂಕಿಗೆ ಒಳ್ಳೆಯ ಸೌದೆ. ಆ ಆರು ತಿಂಗಳಲ್ಲಿ ಒಂದು ಬೆಂಕಿ ಬಿದ್ದರೆ ಗಿಡವೂ ಇಲ್ಲ, ಬೀಜವೂ ಇಲ್ಲ. ಕಡಿದಾದ ಇಳಿಜಾರಿನ ಮಣ್ಣನ್ನು ಹಿಡಿದಿಡುವುದು ಆಮೇಲೆ ಏನು ಎಂಬ ಪ್ರಶ್ನೆಯನ್ನು ಮೊದಲ ಜಡಿಮಳೆಯೇ ಕೇಳುತ್ತದೆ.

ನೀಲಕುರಿಂಜಿ ಇದಕ್ಕೆ ವಿರುದ್ಧವಾದ ನೆಲೆಯದು. ಅದು ದಕ್ಷಿಣದ ಎತ್ತರದ ಬೆಟ್ಟಗಳಲ್ಲಿ, ಶೋಲಾ ಎಂಬ ಕುಳ್ಳುಮರಗಳ ನಿತ್ಯಹಸಿರು ಕಾಡುಗಳ ನಡುವೆ ಹರಡಿರುವ ತೆರೆದ ಹುಲ್ಲುಗಾವಲಿನ ಗಿಡ. ಸುಮಾರು 1300 ಮೀಟರಿನಿಂದ ಮೇಲಕ್ಕೆ, ನೀಲಗಿರಿ, ಆನೆಮಲೆ, ಪಳನಿ, ಮುನ್ನಾರ್ ಸುತ್ತಲಿನ ಬೆಟ್ಟಗಳಲ್ಲಿ ಅದರ ದೊಡ್ಡ ಗುಂಪುಗಳಿವೆ. ಪೂರ್ವ ಘಟ್ಟದಲ್ಲಿ ಯೇರ್ಕಾಡಿನ ಶೇವರಾಯ್ ಬೆಟ್ಟದಲ್ಲಿಯೂ ಇದೆ. ಆ ಎತ್ತರದ ಮಂಜು, ತಣ್ಣನೆಯ ರಾತ್ರಿ, ಬಿಡುವಿಲ್ಲದ ಗಾಳಿ, ಮರದ ನೆರಳಿಲ್ಲದ ಬಿಸಿಲು ಇವೆಲ್ಲವನ್ನೂ ಸಮುದ್ರಮಟ್ಟಕ್ಕಿಂತ ಅಷ್ಟೇನೂ ಮೇಲಿಲ್ಲದ ನೇರಳ್‌ನಲ್ಲಿ ಎಲ್ಲಿಂದ ತರುವುದು? ಯಜಮಾನರು ಈ ಮಾತಿಗೆ, “ಮಾಸ್ಟ್ರೇ, ನಮ್ಮ ಊರಿನ ಎಷ್ಟೋ ಹೂಗಿಡ ಮುಂಬಯಿಯ ಬಾಲ್ಕನಿಯಲ್ಲಿ ಬದುಕಿಲ್ಲವೇ?” ಎಂದು ಕೇಳಿದರು. ಕುಂಡದಲ್ಲಿ ನೀರು, ನೆರಳು, ಗೊಬ್ಬರ ಕೊಟ್ಟು ಕೆಲವು ಸಸಿಗಳನ್ನು ಬದುಕಿಸಿಡಬಹುದೇನೋ. ಹನ್ನೆರಡು ವರ್ಷ ಕಾಯ್ದು, ಒಟ್ಟಿಗೆ ಅರಳಿ, ಬೀಜ ಕಟ್ಟಿ, ಆ ಬೀಜ ತಾನಾಗಿ ಮೊಳೆತು ಎರಡನೆಯ ತಲೆಮಾರು ಎದ್ದರೆ ಮಾತ್ರ ಅದನ್ನು ಸಂರಕ್ಷಣೆ ಎನ್ನಲಾದೀತು, ಅದಕ್ಕೆ ಮೊದಲು ಅದು ತೋಟಗಾರಿಕೆ ಮಾತ್ರ.

ಸಂರಕ್ಷಣಾ ಸ್ಥಿತಿ: ಹೆಸರಿನ ರಕ್ಷಣೆ, ವಿಳಾಸದ ರಕ್ಷಣೆ

ಪ್ರಸ್ತಾವದ ಮೂರನೆಯ ಆಧಾರ ಕೆಂಪು ಪಟ್ಟಿ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ನೀಲಕುರಿಂಜಿಯನ್ನು 2024ರಲ್ಲಿ ವಲ್ನರಬಲ್, ಅಂದರೆ ಅಪಾಯಕ್ಕೆ ಈಡಾಗಬಲ್ಲ ಪ್ರಭೇದವೆಂದು ವರ್ಗೀಕರಿಸಲಾಯಿತು. ಇದು ಬೆದರಿಕೆಯ ಮೂರು ವರ್ಗಗಳಲ್ಲಿ ಮೊದಲನೆಯದು; ಕರಪತ್ರದಲ್ಲಿ ಬರೆದಿದ್ದ ಅಳಿವಿನಂಚು ಎಂಬುದು ಇದಕ್ಕಿಂತ ಮೇಲಿನ ವರ್ಗ. ಬಳಸಿದ ಮಾನದಂಡ ಎ2ಸಿ. ಕಳೆದ ಹತ್ತು ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ಯಾವುದು ದೀರ್ಘವೋ ಆ ಅವಧಿಯಲ್ಲಿ, ನೆಲೆಯ ವಿಸ್ತಾರ ಅಥವಾ ಗುಣಮಟ್ಟ ಕುಗ್ಗಿದ್ದರಿಂದ ಪ್ರಭೇದದ ಸಂಖ್ಯೆ ಶೇಕಡಾ 30ರಷ್ಟಾದರೂ ಇಳಿದಿದೆ ಎಂಬುದು ಆ ಮಾನದಂಡದ ತಿರುಳು. ಹನ್ನೆರಡು ವರ್ಷಕ್ಕೊಂದು ತಲೆಮಾರಾದರೆ ಮೂರು ತಲೆಮಾರು ಎಂದರೆ 36 ವರ್ಷ. ಹೀಗೆ ನೀಲಕುರಿಂಜಿಯ ಲೆಕ್ಕ 1980ರ ದಶಕದವರೆಗೂ ಹಿಂದಕ್ಕೆ ಹೋಗುತ್ತದೆ.

ಆ ಅವಧಿಯಲ್ಲಿ ಹುಲ್ಲುಗಾವಲಿಗೆ ಆದದ್ದೇನು ಎಂಬುದರಲ್ಲಿ ಈ ಗಿಡದ ಕಷ್ಟದ ಮೂಲವಿದೆ. ಬ್ರಿಟಿಷರ ಕಾಲದಿಂದಲೂ ಹುಲ್ಲುಗಾವಲನ್ನು ಪಾಳುಭೂಮಿಯೆಂದು ಎಣಿಸಿ ಚಹಾ ತೋಟ, ನೀಲಗಿರಿ ಮರ, ವಾಟಲ್ ಎಂಬ ಆಸ್ಟ್ರೇಲಿಯಾದ ಅಕೇಶಿಯಾ ಇವುಗಳಿಗೆ ಕೊಡುತ್ತಾ ಬರಲಾಯಿತು; ಸ್ವಾತಂತ್ರ್ಯಾನಂತರ ಕಾರ್ಖಾನೆಗಳ ಕಚ್ಚಾವಸ್ತುವಿಗಾಗಿ ನೆಡುತೋಪುಗಳು ಇನ್ನೂ ಹೆಚ್ಚಿದವು. ಪಳನಿ ಬೆಟ್ಟಗಳಲ್ಲಿ ನಾಲ್ಕು ದಶಕಗಳಲ್ಲಿ ಹುಲ್ಲುಗಾವಲಿನ ಮೂರರಲ್ಲಿ ಎರಡು ಪಾಲು ಇಲ್ಲವಾಯಿತೆಂದು ಉಪಗ್ರಹ ಚಿತ್ರಗಳನ್ನು ಆಧರಿಸಿದ ಅಧ್ಯಯನವೊಂದು 2018ರಲ್ಲಿ ತೋರಿಸಿತು. ವಾಟಲ್ ಮರ ನೆಟ್ಟಲ್ಲಿ ನಿಲ್ಲದೆ, ಬೀಜ ಚೆಲ್ಲಿ, ಪಕ್ಕದ ಹುಲ್ಲಿನೊಳಕ್ಕೆ ತಾನಾಗಿ ನುಗ್ಗುತ್ತದೆ. ಅಂದರೆ ನೀಲಕುರಿಂಜಿಗೆ ಕೊರತೆಯಾಗಿರುವುದು ಬೀಜವಲ್ಲ, ಹುಲ್ಲುಗಾವಲು. ನೇರಳ್‌ನಲ್ಲಿ ಎಷ್ಟು ಸಸಿ ನೆಟ್ಟರೂ ನೀಲಗಿರಿಯಲ್ಲಿ ಒಂದು ವಾಟಲ್ ಮರ ಕಡಿಮೆಯಾಗುವುದಿಲ್ಲ. ಮರ ನೆಡುವುದೇ ಪರಿಸರ ಕಾರ್ಯವೆಂದು ನಂಬಿರುವ ನಮ್ಮ ಸಂಘ-ಸಂಸ್ಥೆಗಳಿಗೆ, ಮರ ನೆಟ್ಟದ್ದರಿಂದಲೇ ಒಂದು ಗಿಡ ಕೆಂಪು ಪಟ್ಟಿ ಸೇರಿತೆಂಬುದು ಕೇಳಲು ಹಿತವಾದ ಸುದ್ದಿಯಲ್ಲ.

ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು ಆರು ಸಸ್ಯಗಳಿಗೆ ಮಾತ್ರ ವಿಶೇಷ ರಕ್ಷಣೆಯಿತ್ತು. 2022ರ ತಿದ್ದುಪಡಿಯ ಬಳಿಕ ಸಸ್ಯಗಳ ಪಟ್ಟಿ ಮೂರನೆಯ ಅನುಸೂಚಿಗೆ ಬಂದು ಹಿಗ್ಗಿದಾಗ ನೀಲಕುರಿಂಜಿಯೂ ಅದರಲ್ಲಿ ಸೇರಿತು. ಕಾಯ್ದೆಯ 17ಎ ಕಲಮಿನಂತೆ ಅಂಥ ಸಸ್ಯವನ್ನು ಅರಣ್ಯಭೂಮಿಯಿಂದ ಕೀಳುವುದು, ಬೇರುಸಹಿತ ತೆಗೆಯುವುದು, ಸಂಗ್ರಹಿಸುವುದು, ಮಾರುವುದು ನಿಷಿದ್ಧ. ಪರವಾನಗಿಯಿಲ್ಲದೆ ಬೆಳೆಸುವುದಕ್ಕೂ ತಡೆಯಿದೆ. ಸದುದ್ದೇಶದಿಂದಲೇ ಆದರೂ ಮುಳ್ಳಯ್ಯನಗಿರಿಯ ಇಳಿಜಾರಿನಿಂದ ಒಂದು ಚೀಲ ಬೀಜ ತರಿಸಿದ್ದರೆ ಸಂಘ ದಂಡ, ಜೈಲುಗಳ ಮಾತು ಬರುವ ಅಪರಾಧಕ್ಕೆ ಸಿಲುಕುತ್ತಿತ್ತು. ಈ ಅಂಶವನ್ನು ಓದಿದ ಕೂಡಲೇ ಸಮಿತಿಯ ಖಜಾಂಚಿಗಳು ಪ್ರಸ್ತಾವವನ್ನು ಕೈಬಿಡುವುದೇ ಒಳ್ಳೆಯದೆಂದರು. ನನ್ನ ವಾದ ಅದಕ್ಕಿಂತ ಮುಂದಿನದಾಗಿತ್ತು.

ಕಾರ್ವಿ ಮೂರನೆಯ ಅನುಸೂಚಿಯಲ್ಲಿಲ್ಲ, ಕೆಂಪು ಪಟ್ಟಿಯ ಬೆದರಿಕೆಯ ವರ್ಗಗಳಲ್ಲಿಯೂ ಇಲ್ಲ. ಹಾಗಾದರೆ ಬೊರಿವಲಿಯಲ್ಲಿ ಒಂದು ಕಡ್ಡಿ ಮುರಿದರೂ ಅರಣ್ಯ ರಕ್ಷಕರು ಗದರುವುದೇಕೆ? ರಾಷ್ಟ್ರೀಯ ಉದ್ಯಾನದೊಳಗಿಂದ ಯಾವ ಕಾಡುಸಸ್ಯವನ್ನೂ ಅನುಮತಿಯಿಲ್ಲದೆ ತೆಗೆಯಬಾರದು ಎಂಬ ನಿಯಮ ಇರುವುದರಿಂದ. ನೀಲಕುರಿಂಜಿಗೆ ಅದರ ಹೆಸರೇ ರಕ್ಷಣೆ, ಕಾರ್ವಿಗೆ ಅದು ಬೆಳೆದ ಜಾಗದ ವಿಳಾಸ ರಕ್ಷಣೆ. ಸುಮಾರು 104 ಚದರ ಕಿಲೋಮೀಟರಿನ ಉದ್ಯಾನದ ಗಡಿ ದಾಟಿ ಖಾಸಗಿ ಜಮೀನಿಗೆ ಬಂದರೆ ಅದೇ ಗಿಡ ಅನಾಥ. ನೇರಳ್, ಲೋಣಾವಳಗಳ ಖಾಸಗಿ ಇಳಿಜಾರುಗಳು ಫಾರ್ಮ್‌ಹೌಸು, ರೆಸಾರ್ಟು, ರಸ್ತೆಗಳಿಗೆ ಹೋಗುವಾಗ ಕಾರ್ವಿಯ ಹೆಸರಿನಲ್ಲಿ ಆಕ್ಷೇಪ ಎತ್ತಲು ಯಾವ ಅನುಸೂಚಿಯ ಆಸರೆಯೂ ಇಲ್ಲ. ಕೆಂಪು ಪಟ್ಟಿಯ ಲೆಕ್ಕದಲ್ಲಿ ಕಾರ್ವಿಯ ಮೂರು ತಲೆಮಾರು ಎಂದರೆ 24 ವರ್ಷ. ಮುಂಬಯಿ–ಪುಣೆ ನಡುವಿನ ಗುಡ್ಡಗಳಲ್ಲಿ ಈ 24 ವರ್ಷಗಳಲ್ಲಿ ಎದ್ದ ಕಟ್ಟಡಗಳನ್ನು ರೈಲಿನ ಕಿಟಕಿಯಿಂದ ಕಂಡವರು ಪಟ್ಟಿಯಲ್ಲಿ ಇಲ್ಲದಿರುವುದನ್ನು ಸುರಕ್ಷಿತವಾಗಿದೆ ಎಂಬ ಅರ್ಥದಲ್ಲಿ ಓದಲಾರರು. ಗಿಡ ಇನ್ನೂ ಯಥೇಚ್ಛವಾಗಿದೆ, ಸದ್ಯಕ್ಕೆ ಅಳಿವಿನ ಭಯವಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಒಂದೊಂದು ಇಳಿಜಾರಿನ ಗುಂಪು ಒಂದೊಂದಾಗಿ ಹೋಗುವುದನ್ನು ಎಣಿಸುವವರು ಯಾರೂ ಇಲ್ಲ. ಇಡೀ ಪ್ರಭೇದದ ಪ್ರಶ್ನೆ ಸಂಘದ ಕೈಮೀರಿದ್ದು. ಒಂದು ಇಳಿಜಾರಿನ ಪ್ರಶ್ನೆ ಮಾತ್ರ ಪೂರ್ತಿಯಾಗಿ ಅದರ ಕೈಯಲ್ಲಿತ್ತು.

ಸಲಹೆ ಮತ್ತು ನಿರ್ಣಯ

ಸಮಿತಿಗೆ ಕೊಟ್ಟ ವರದಿಯಲ್ಲಿ ನಾನು ಕೇಳಿಕೊಂಡದ್ದು ಹೆಚ್ಚೇನಲ್ಲ. ಹೊರಗಿನಿಂದ ಯಾವ ಬೀಜವನ್ನೂ ತರಬಾರದು. ಮಳೆ ಹಿಡಿದು ಕಾಯಿ ಸಿಡಿಯುವವರೆಗೆ ಇಳಿಜಾರಿನ ಒಂದು ಕಡ್ಡಿಯನ್ನೂ ಕಡಿಯಬಾರದು. ವನಕ್ಕೆಂದು ತೆಗೆದಿಟ್ಟ ಹಣದಲ್ಲಿ ಫೆಬ್ರವರಿಯಲ್ಲೇ ಇಳಿಜಾರಿನ ಸುತ್ತ ಬೆಂಕಿಗೆರೆ, ಅಂದರೆ ಬೆಂಕಿ ದಾಟದಂತೆ ಒಣಹುಲ್ಲು ತೆಗೆದ ಪಟ್ಟಿ, ಸವರಿಸಬೇಕು. ಒಣಹುಲ್ಲಿಗೆ ಬೇಸಗೆಯಲ್ಲಿ ಬೆಂಕಿ ಇಡುವ ರೂಢಿ ಆ ಭಾಗದಲ್ಲಿರುವುದರಿಂದ ಮೂರನೆಯದು ಇಲ್ಲದೆ ಮೊದಲ ಎರಡು ನಿರರ್ಥಕವಾಗುತ್ತಿದ್ದವು.

ಇದರಲ್ಲಿ ಒಂದು ತೊಡಕಿತ್ತು. ಜಮೀನಿನ ಕೆಳಗಿನ ಠಾಕರ್‌ವಾಡಿಯ, ಅಂದರೆ ಠಾಕರ್ ಆದಿವಾಸಿಗಳ ಕೇರಿಯ, ಜನರು ಗುಡಿಸಲಿನ ಗೋಡೆಗೆ ಕಾರ್ವಿಯ ಕಡ್ಡಿಗಳನ್ನೇ ಒತ್ತಾಗಿ ನಿಲ್ಲಿಸಿ, ಮಣ್ಣು-ಸಗಣಿ ಮೆತ್ತುವವರು. ಆ ಇಳಿಜಾರಿನಿಂದ ಕಡ್ಡಿ ಒಯ್ಯುವುದು ಯಜಮಾನರ ಖರೀದಿಗಿಂತ ಹಳೆಯ ವಾಡಿಕೆ. ಗಿಡ ಉಳಿಸುವ ಹೆಸರಿನಲ್ಲಿ ಮುಂಬಯಿಯವರು ಬಂದು ತಂತಿಬೇಲಿ ಹಾಕಿದರೆಂಬ ಮಾತು ಬರಬಾರದೆಂದು ವಾಡಿಯ ಹಿರಿಯರನ್ನು ಕಂಡು ಮಾತನಾಡಿದೆವು. ಗೋಡೆಗೆ ಬೇಕಾದಷ್ಟನ್ನು ಕೆಳಗಿನ ಅಂಚಿನಿಂದ ಕಡಿದುಕೊಳ್ಳುವುದು, ಕಡಿದ ಕಡ್ಡಿಯ ಕಾಯಿಗೊಂಚಲುಗಳನ್ನು ಅಲ್ಲಿಯೇ ಮುರಿದು ಇಳಿಜಾರಿನಲ್ಲಿ ಬಿಡುವುದು ಎಂದು ಒಪ್ಪಂದವಾಯಿತು. ಬೆಂಕಿಗೆರೆ ಸವರುವ ಕೂಲಿಯೂ ವಾಡಿಯವರಿಗೇ ಸಂದಿತು.

ಯಜಮಾನರು ಸುಲಭವಾಗಿ ಒಪ್ಪಲಿಲ್ಲ. ಕಾಡಿನಲ್ಲಿ ತಾನಾಗಿ ಬೆಳೆದದ್ದಕ್ಕೆ ಸಂಘದ ಹೆಸರಿನ ಫಲಕ ಹಾಕುವುದು ಹೇಗೆ ಎಂಬುದು ಅವರ ನಿಜವಾದ ಕೊರಗಾಗಿತ್ತು. ಊರಿನ ಗಿಡವೊಂದು ಇಲ್ಲಿ ನಮ್ಮ ಹೆಸರು ಹೇಳಬೇಕೆಂಬ ಆಸೆ ದೊಡ್ಡ ತಪ್ಪೇನಲ್ಲ, ಮುಂಬಯಿಯಲ್ಲಿ ಬಾಳಿದ ಯಾವ ಕನ್ನಡಿಗನಿಗೂ ಅದು ಅರ್ಥವಾಗುತ್ತದೆ. ಆದರೆ ಅದಕ್ಕೆ ಇಲ್ಲಿಯ ಗಿಡ ಬೆಲೆ ತೆರಬೇಕಾಗಿಲ್ಲವೆಂದು ಸಮಿತಿಯ ಬಹುಮತ ನಿರ್ಧರಿಸಿತು, ಕೊನೆಗೆ ಅವರೂ ಸಹಿ ಹಾಕಿದರು.

ಜೂನ್ ಮಳೆಯ ನಂತರ ಇಳಿಜಾರಿನ ಮೇಲಿನ ಅರ್ಧದಲ್ಲಿ ಸಸಿಗಳು ಕಾಲಿಡಲು ಜಾಗವಿಲ್ಲದಷ್ಟು ಎದ್ದವು. ಕಡ್ಡಿ ಕಡಿದ ಕೆಳಗಿನ ಅಂಚಿನಲ್ಲಿ ಅವು ವಿರಳ; ಕಾಯಿಗೊಂಚಲುಗಳನ್ನು ರಾಶಿ ಮಾಡಿ ಬಿಡುವ ಬದಲು ಚದುರಿಸಬೇಕಿತ್ತೆಂದು ಈಗ ತೋರುತ್ತದೆ, ಮುಂದಿನ ಸಲಕ್ಕೆ ಅದನ್ನು ಒಪ್ಪಂದದಲ್ಲಿ ಸೇರಿಸಬೇಕು. ಕರಪತ್ರ ಎರಡೂ ಗಿಡಗಳ ಎಲೆಯ ಹಿಂಭಾಗದ ಚಿತ್ರಗಳೊಂದಿಗೆ ಹೊಸದಾಗಿ ಅಚ್ಚಾಯಿತು. ಅದರಲ್ಲಿ ಕಾರ್ವಿಯ ಸಂರಕ್ಷಣಾ ಸ್ಥಿತಿಯ ಎದುರು ಸುರಕ್ಷಿತ ಎಂದು ಬರೆಯಬೇಕೆಂದು ಕೆಲವರು ಹಟ ಹಿಡಿದರೂ, ಬೆದರಿಕೆಯ ಪಟ್ಟಿಯಲ್ಲಿಲ್ಲ, ಖಾಸಗಿ ಜಮೀನಿನಲ್ಲಿ ಅದರ ಹೆಸರಿಗೆ ಕಾನೂನಿನ ರಕ್ಷಣೆಯಿಲ್ಲ ಎಂಬ ಎರಡು ಸಾಲುಗಳನ್ನು ಉಳಿಸಿಕೊಂಡೆವು. ಇಳಿಜಾರಿನ ನಡುವೆ ಜೀಪು ಹೋಗುವಂತೆ ಒಂದು ದಾರಿ ತೆಗೆಸುವ ಯೋಚನೆ ಯಜಮಾನರ ಮಗನಿಗಿದೆ. ಅದನ್ನು ಪೂರ್ವದ ಅಂಚಿನಲ್ಲಿರುವ ಹಳೆಯ ಎತ್ತಿನಗಾಡಿ ಜಾಡಿನಲ್ಲೇ ತೆಗೆಯುವಂತೆ ಕೇಳಿ ಸಮಿತಿ ಪತ್ರ ಬರೆದಿದೆ, ಉತ್ತರ ಬರಬೇಕಾಗಿದೆ.